ಇಪ್ಪತ್ತನೆಯ ನೌಕರ

ಮುಂಬಯಿ ಕನ್ನಡಿಗರ ಚರಿತ್ರೆಯನ್ನು ಹೇಳುವಾಗ ನಾವು ರಾತ್ರಿಶಾಲೆಗಳನ್ನು ನೆನೆಯುತ್ತೇವೆ. 1942ರಲ್ಲಿ ಮಾಟುಂಗದಲ್ಲಿ ಆರಂಭವಾದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಂತಹ ಊಟದ ಮನೆಗಳನ್ನು ನೆನೆಯುತ್ತೇವೆ. ಇಂತಹ ಹೋಟೆಲುಗಳಲ್ಲಿ ಲೋಟ ತೊಳೆದು, ಮೇಜು ಒರೆಸಿ, ಮಾಣಿಗಳಾಗಿ ದುಡಿದವರ ಮುಪ್ಪಿಗೆ ಏನು ಉಳಿಯಿತು ಎಂದು ಕೇಳುವುದು ಅಪರೂಪ. ಆ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಭವಿಷ್ಯ ನಿಧಿ ಮತ್ತು ಆದಾಯ ತೆರಿಗೆಯ ಕಾಯ್ದೆಗಳನ್ನು ತೆರೆಯಬೇಕು.

ಹಳೆಯ ಪದ್ಧತಿ ಸರಳವಾಗಿತ್ತು. ಊಟ, ವಸತಿ ಹೋಟೆಲಿನಲ್ಲೇ. ಸಂಬಳ ಧಣಿಗಳ ಬಳಿಯಲ್ಲೇ ಜಮೆ. ಊರಿಗೆ ಹೊರಟಾಗ ಲೆಕ್ಕ ಮಾಡಿ ಕೊಡುವುದು. ಧಣಿ ಒಳ್ಳೆಯವರಾದರೆ ತಂಗಿಯ ಮದುವೆಗೆ ನಾಲ್ಕು ಕಾಸು ಹೆಚ್ಚೇ ಸಿಗುತ್ತಿತ್ತು. ಆದರೆ ಅದು ಔದಾರ್ಯ, ಹಕ್ಕಲ್ಲ. 1950ರ ದಶಕದಲ್ಲಿ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಈ ನಗರದ ಹೋಟೆಲು ನೌಕರರನ್ನು ಸಂಘಟಿಸಲು ಹೊರಟಾಗ ಎದುರಾದದ್ದು ಈ ಅಂತರವೇ.

ಆದಾಯ ತೆರಿಗೆಯು ಭವಿಷ್ಯ ನಿಧಿಯನ್ನು ಗಮನಿಸಿದ್ದು ಅದಕ್ಕೂ ಮೊದಲು. ಮಾನ್ಯತೆ ಪಡೆದ ನಿಧಿಗಳಿಗೆ ರಿಯಾಯಿತಿ ನೀಡುವ ಕಾಯ್ದೆ 1929ರಲ್ಲೇ ಬಂತು. ಆದರೆ ನಿಧಿ ಸ್ಥಾಪಿಸಿ, ವಿಶ್ವಸ್ತರನ್ನು ನೇಮಿಸಿ, ಲೆಕ್ಕ ಇಡುವ ಶಕ್ತಿ ದೊಡ್ಡ ಕಂಪನಿಗಳಿಗಿತ್ತು. ಐದು ಮೇಜಿನ ಹೋಟೆಲಿಗೆ ಎಲ್ಲಿಂದ ಬರಬೇಕು? 1952ರ ನೌಕರರ ಭವಿಷ್ಯ ನಿಧಿ ಕಾಯ್ದೆ ಆ ಹೊರೆಯನ್ನು ಸರಕಾರದ ಯೋಜನೆಗೆ ವರ್ಗಾಯಿಸಿತು. ಆರಂಭದಲ್ಲಿ ಅದು ಸಿಮೆಂಟು, ಜವಳಿ, ಕಾಗದ ಮುಂತಾದ ಆರು ಉದ್ಯಮಗಳಿಗೆ, ಅದರಲ್ಲೂ ಐವತ್ತು ಮತ್ತು ಹೆಚ್ಚು ಕಾರ್ಮಿಕರಿದ್ದ ಕಡೆ ಮಾತ್ರ ಅನ್ವಯಿಸಿತು. 1960ರ ಕೊನೆಗೆ ಐವತ್ತು ಇಪ್ಪತ್ತಾಯಿತು. 1961ರಲ್ಲಿ ಹೋಟೆಲುಗಳೂ ಪಟ್ಟಿಗೆ ಸೇರಿದವು.

ಅಂದಿನಿಂದ ಇಪ್ಪತ್ತನೆಯ ನೌಕರನೇ ಗಡಿಗಲ್ಲು. ಆತ ಬಂದರೆ ಉಳಿದ ಹತ್ತೊಂಬತ್ತು ಮಂದಿಗೂ ಫಂಡು. ಒಮ್ಮೆ ಕಾಯ್ದೆಯೊಳಗೆ ಬಂದ ಹೋಟೆಲು, ಮುಂದೆ ಸಂಖ್ಯೆ ಇಳಿದರೂ ಹೊರಬರುವಂತಿಲ್ಲ. ದಾದರಿನಲ್ಲೊಂದು, ಘಾಟ್ಕೋಪರಿನಲ್ಲೊಂದು ಶಾಖೆಯಿದ್ದರೆ ಎರಡೂ ಸೇರಿ ಒಂದೇ ಸಂಸ್ಥೆ. ಆದರೂ ಹೊಸ ಸಂಸ್ಥೆಗಳಿಗೆ ಮೊದಲ ಕೆಲವು ವರ್ಷ ವಿನಾಯಿತಿ ಕೊಡುವ ನಿಯಮ 1997ರವರೆಗೂ ಉಳಿದಿತ್ತು.

ಧಣಿಗಳ ದೃಷ್ಟಿಯಿಂದಲೂ ನೋಡಬೇಕು. 1961ರ ಆದಾಯ ತೆರಿಗೆ ಕಾಯ್ದೆಯು ಮಾನ್ಯ ನಿಧಿಗೆ ಕಟ್ಟಿದ ಅವರ ಪಾಲನ್ನು ವ್ಯಾಪಾರದ ಖರ್ಚೆಂದು ಒಪ್ಪಿತು. ಮಾನ್ಯತೆಯಿಲ್ಲದ ಸ್ವಂತ ನಿಧಿಗೆ ಹಾಕಿದ ಹಣಕ್ಕೆ ಆ ಸೌಲಭ್ಯವಿಲ್ಲ ಎಂದು 1984ರ ಹಣಕಾಸು ಕಾಯ್ದೆ ಸ್ಪಷ್ಟಪಡಿಸಿತು. ಅದೇ ವರ್ಷ ಜಾರಿಗೆ ಬಂದ 43ಬಿ ವಿಧಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು: ಪುಸ್ತಕದಲ್ಲಿ ಬರೆದರೆ ಸಾಲದು, ಹಣ ನಿಜವಾಗಿ ಕಟ್ಟಿರಬೇಕು. ನೌಕರನ ಸಂಬಳದಿಂದಲೇ ಕಡಿದಿಟ್ಟ ಪಾಲಿನ ವಿಷಯದಲ್ಲಿ ನಿಯಮ ಇನ್ನೂ ಬಿಗಿಯಾಗಿತ್ತು. ಅದನ್ನು ಗಡುವಿನೊಳಗೆ ಕಟ್ಟದಿದ್ದರೆ ಕಡಿತವಿಲ್ಲ ಎಂದು 2022ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಚೆಕ್‌ಮೇಟ್ ಸರ್ವೀಸಸ್ ಪ್ರಕರಣದಲ್ಲಿ ತೀರ್ಪಿತ್ತಿತು. ಆ ಹಣ ಧಣಿಯದಲ್ಲ, ಆತನ ಬಳಿ ನಂಬಿಕೆಯಿಂದ ಇರಿಸಿದ್ದು ಎಂಬುದೇ ಅದರ ತಾತ್ಪರ್ಯ.

ಮಾಣಿಯ ಸಂಬಳ ಧಣಿಗಳ ಬಳಿ ಜಮೆಯಾಗಿರುತ್ತಿದ್ದ ಕಾಲಕ್ಕೂ ಆಧಾರ ನಂಬಿಕೆಯೇ. ಅದನ್ನು ಕಾನೂನು ಹೊಣೆಯನ್ನಾಗಿಸಲು ನಮ್ಮ ದೇಶಕ್ಕೆ ಹಲವು ದಶಕಗಳು ಬೇಕಾದವು. ಆದರೂ ಚಿಕ್ಕ ಹೋಟೆಲಿನ ಪಾಲಿಗೆ ಆ ಹೊಣೆ ತಾನಾಗಿ ಬರಲಿಲ್ಲ. ಇಪ್ಪತ್ತಕ್ಕಿಂತ ಕಡಿಮೆ ನೌಕರರಿದ್ದರೂ, ಧಣಿ ಮತ್ತು ಬಹುಮತದ ನೌಕರರು ಒಪ್ಪಿದರೆ ಯೋಜನೆಗೆ ಸೇರಬಹುದೆಂದು 1952ರ ಕಾಯ್ದೆಯ ಮೊದಲನೆಯ ವಿಧಿಯೇ ಬಾಗಿಲು ತೆರೆದಿಟ್ಟಿತ್ತು. ಹಾಗೆ ಸೇರಿದರೆ ಧಣಿಗೆ ತೆರಿಗೆಯ ರಿಯಾಯಿತಿ, ಮಾಣಿಗೆ ಮುಪ್ಪಿನ ಗಂಟು. ನಮ್ಮ ಸಂಘಗಳ ಸುವರ್ಣ ಮಹೋತ್ಸವದ ಸಂಚಿಕೆಗಳಲ್ಲಿ ಹೋಟೆಲು ಕಟ್ಟಿದವರ ಭಾವಚಿತ್ರಗಳಿರುತ್ತವೆ. ಅವುಗಳ ಪಕ್ಕದಲ್ಲಿ, ಆ ಬಾಗಿಲನ್ನು ಯಾರು ದಾಟಿದರು, ಯಾರ ಮಾಣಿಗಳು ಬರಿಗೈಯಲ್ಲಿ ಊರಿನ ಬಸ್ಸು ಹತ್ತಿದರು ಎಂಬುದನ್ನೂ ನಾವು ಬರೆಯಬೇಕಾಗಿದೆ.