ಚಳಿಯಲ್ಲಿ ಡೀಸೆಲ್ ಎಂಜಿನ್: ಬೆಂಕಿಯ ಬಾಂಡ್ಲಿಯಿಂದ ಕೂಲೆಂಟ್ ಹೀಟರ್‌ವರೆಗೆ

ಪೆಟ್ರೋಲ್ ಎಂಜಿನ್ನಿಗೆ ಕಿಡಿ ಕೊಡಲು ಸ್ಪಾರ್ಕ್ ಪ್ಲಗ್ ಇದೆ, ಡೀಸೆಲ್ ಎಂಜಿನ್ನಿಗೆ ಅದಿಲ್ಲ. ಅದರ ಸಿಲಿಂಡರಿನಲ್ಲಿ ಗಾಳಿಯನ್ನು 16 ಅಥವಾ 18 ಪಟ್ಟು ಒತ್ತಿದಾಗ ಆ ಗಾಳಿಯೇ 500 ಡಿಗ್ರಿ ದಾಟಿ ಕಾಯುತ್ತದೆ, ಸಿಂಪಡಿಸಿದ ಎಣ್ಣೆ ಆ ಬಿಸಿಗೇ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ ಎಂಜಿನ್ನಿನ ಮರ್ಮ ಇದು. ಚಳಿದೇಶಗಳಲ್ಲಿ ಅದು ಕೊಟ್ಟ ಕಾಟದ ಮೂಲವೂ ಇದೇ. ಹೊರಗಿನ ಗಾಳಿ ಒಂದು ಡಿಗ್ರಿ ತಣ್ಣಗಾದರೆ ಒತ್ತಿದ ಗಾಳಿಯಲ್ಲಿ ಎರಡೂವರೆ ಡಿಗ್ರಿಗೂ ಹೆಚ್ಚು ಬಿಸಿ ಕಡಿಮೆಯಾಗುತ್ತದೆ. ಅಷ್ಟರ ಮೇಲೆ ಸಿಲಿಂಡರಿನ ತಣ್ಣನೆಯ ಗೋಡೆ ಉಳಿದ ಬಿಸಿಯನ್ನೂ ಹೀರಿಕೊಳ್ಳುತ್ತದೆ.

ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಗಾಡಿ ಓಡಿಸುವವರಿಗೆ ಈ ತೊಂದರೆಯ ಅರಿವಿರುವುದಿಲ್ಲ. ಮೈನಸ್ 30 ಡಿಗ್ರಿಯಲ್ಲಿ ರಾತ್ರಿಯಿಡೀ ಬಯಲಲ್ಲಿ ನಿಂತ ಪಿಕಪ್‌ಗೆ ಬೆಳಿಗ್ಗೆ ಸೆಲ್ಫ್ ಹೊಡೆದಾಗ ಹಲವು ಅಡ್ಡಿಗಳು ಒಟ್ಟಿಗೇ ಎದುರಾಗುತ್ತವೆ. ಎಂಜಿನ್ ಆಯಿಲ್ ಜೇನಿನಂತೆ ಗಟ್ಟಿಯಾಗಿರುತ್ತದೆ. ಬ್ಯಾಟರಿಯ ಬಲ ಅರ್ಧಕ್ಕೂ ಕೆಳಗಿಳಿದಿರುತ್ತದೆ. ಡೀಸೆಲ್ಲಿನಲ್ಲಿರುವ ಮೇಣದಂಶ ಹರಳುಗಟ್ಟಿ ಫಿಲ್ಟರನ್ನು ಮುಚ್ಚಿರುತ್ತದೆ. ಎಂಜಿನ್ ನಿಧಾನವಾಗಿ ತಿರುಗಿದಷ್ಟೂ ಒತ್ತಿದ ಗಾಳಿ ಪಿಸ್ಟನ್ ಉಂಗುರಗಳ ಸಂದಿಯಿಂದ ಸೋರಿಹೋಗುತ್ತದೆ, ಸೋರಿದಷ್ಟೂ ಬಿಸಿ ಸಾಲದೆ ಬರುತ್ತದೆ. ಈ ಗಂಟನ್ನು ಬಿಡಿಸಲು ನೂರು ವರ್ಷಗಳಿಗೂ ಹೆಚ್ಚು ಕಾಲ ಪ್ರಯತ್ನ ನಡೆದಿದೆ. ಬಿಸಿಯನ್ನು ಎಲ್ಲಿಗೆ ಕೊಡಬೇಕು ಎಂಬ ಒಂದೇ ಪ್ರಶ್ನೆಗೆ ಕಾಲಕಾಲಕ್ಕೆ ಸಿಕ್ಕ ಉತ್ತರಗಳೇ ಈ ಕ್ಷೇತ್ರದ ಚರಿತ್ರೆ.

ಮೊದಲ ಉತ್ತರ ಬಹಳ ನೇರವಾಗಿತ್ತು: ಬೆಂಕಿ ಹಿಡಿ. ಡೀಸೆಲ್‌ನ ಎಂಜಿನ್ನಿಗೂ ಮೊದಲೇ, 1890ರಲ್ಲಿ, ಪೇಟೆಂಟ್ ಪಡೆದ ಹರ್ಬರ್ಟ್ ಅಕ್ರಾಯ್ಡ್ ಸ್ಟುವರ್ಟ್‌ನ ಎಂಜಿನ್ನಿಗೆ ಹೊರಚಾಚಿದ ಕಬ್ಬಿಣದ ಬುರುಡೆಯೊಂದಿತ್ತು. ಬ್ಲೋ ಲ್ಯಾಂಪಿನಿಂದ ಅದನ್ನು ಚೆನ್ನಾಗಿ ಕಾಯಿಸದೆ ಎಂಜಿನ್ ಹೊರಡುತ್ತಿರಲಿಲ್ಲ. ಇದೇ ಬಗೆಯ ಎಂಜಿನ್ ಹೊತ್ತು 1921ರಲ್ಲಿ ಬಂದ ಜರ್ಮನಿಯ ಲಾನ್ಜ್ ಬುಲ್‌ಡಾಗ್ ಟ್ರ್ಯಾಕ್ಟರನ್ನು ಹೊರಡಿಸುವುದೇ ಒಂದು ಕೆಲಸವಾಗಿತ್ತು. ರೈತ ಮೊದಲು ಮೂತಿಯ ಬುರುಡೆಗೆ ಉರಿ ಹಿಡಿಯುತ್ತಿದ್ದ. ಆಮೇಲೆ ಸ್ಟೀರಿಂಗ್ ಚಕ್ರವನ್ನು ಕಳಚಿ, ಬದಿಯ ಫ್ಲೈವೀಲಿಗೆ ಸಿಕ್ಕಿಸಿ, ಅದನ್ನೇ ಹಿಡಿಕೆ ಮಾಡಿಕೊಂಡು ತಿರುಗಿಸುತ್ತಿದ್ದ.

ಎರಡನೆಯ ಉತ್ತರ ಗ್ಲೋ ಪ್ಲಗ್. ದಹನ ಕೋಣೆಯೊಳಗೇ ಒಂದು ವಿದ್ಯುತ್ ಕಡ್ಡಿಯನ್ನಿಟ್ಟು ಕೆಂಪಗೆ ಕಾಯಿಸುವ ಈ ಉಪಾಯದಿಂದಲೇ ಡೀಸೆಲ್ ಎಂಜಿನ್ ಕಾರಿನೊಳಗೆ ಬರಲು ಸಾಧ್ಯವಾಯಿತು. 1936ರಲ್ಲಿ ಬರ್ಲಿನ್ ಪ್ರದರ್ಶನದಲ್ಲಿ ಬಂದ ಮರ್ಸಿಡಿಸ್ 260 ಡಿ ಇದರ ಹೆಸರಾಂತ ಉದಾಹರಣೆ. ಆ ಕಾಲದ ಚಾಲಕ ಕೀ ತಿರುಗಿಸಿ ಕಡ್ಡಿ ಕಾಯುವವರೆಗೆ ಸುಮ್ಮನೆ ಕೂರಬೇಕಿತ್ತು. ಈಗಿನ ಸೆರಾಮಿಕ್ ಗ್ಲೋ ಪ್ಲಗ್ ಎರಡು ಮೂರು ಸೆಕೆಂಡಿನಲ್ಲಿ 1000 ಡಿಗ್ರಿ ಮುಟ್ಟುತ್ತದೆ. ಆದರೂ ಅದು ಕಾಯಿಸುವುದು ಬೆರಳ ತುದಿಯಷ್ಟು ಜಾಗವನ್ನು ಮಾತ್ರ. ಎಂಜಿನ್ ಶುರುವಾದರೂ ಅದರ ಮೈಯೆಲ್ಲ ತಣ್ಣಗೇ ಇರುತ್ತದೆ, ಆಯಿಲ್ ಮೇಲೇರಲು ತಡವಾಗುತ್ತದೆ, ಬೇರಿಂಗುಗಳು ಒಣಗಿ ಉಜ್ಜಿಕೊಳ್ಳುತ್ತವೆ, ಬಿಳಿಹೊಗೆ ನಿಲ್ಲುವುದಿಲ್ಲ. ಈಥರ್ ಸಿಂಪಡಿಸುವ ಅಡ್ಡದಾರಿಯೂ ಇದೆ. ಗ್ಲೋ ಪ್ಲಗ್ ಇರುವ ಎಂಜಿನ್ನಿಗೆ ಈಥರ್ ಹೊಡೆದರೆ ಅದು ಹೊತ್ತಲ್ಲದ ಹೊತ್ತಲ್ಲಿ ಸಿಡಿದು ಪಿಸ್ಟನ್ನನ್ನೇ ಒಡೆಯಬಹುದು, ಹಾಗಾಗಿ ಅದರ ಗೊಡವೆಗೆ ಹೋಗದಿರುವುದೇ ಲೇಸು.

ಇಡೀ ಎಂಜಿನ್ನನ್ನೇ ಬಿಸಿ ಮಾಡಬೇಕು ಎಂಬ ಪಾಠವನ್ನು ಕಠೋರವಾಗಿ ಕಲಿಸಿದ್ದು ಎರಡನೆಯ ಮಹಾಯುದ್ಧ. 1941ರ ರಷ್ಯಾದ ಚಳಿಗಾಲದಲ್ಲಿ ಜರ್ಮನ್ ಸೈನಿಕರು ವಾಹನಗಳ ಕೆಳಗೆ ಬೆಂಕಿ ಹಾಕಿ ಎಂಜಿನ್ ಕಾಯಿಸಿದರು. ಮರುವರ್ಷ ಅವರ ಟ್ಯಾಂಕುಗಳಿಗೆ ಒಂದು ಹೊಸ ಜೋಡಣೆ ಬಂತು. ಓಡುತ್ತಿರುವ ಒಂದು ಟ್ಯಾಂಕಿನ ಬಿಸಿ ಕೂಲೆಂಟನ್ನು ಹೋಸ್ ಮೂಲಕ ಪಕ್ಕದ ತಣ್ಣನೆಯ ಟ್ಯಾಂಕಿಗೆ ಹರಿಸಿ ಅದನ್ನು ಎಬ್ಬಿಸುವ ವ್ಯವಸ್ಥೆ ಅದು. ಆ ಟ್ಯಾಂಕುಗಳದು ಪೆಟ್ರೋಲ್ ಎಂಜಿನ್. ಆದರೂ ಎಂಜಿನ್ನಿನ ಒಡಲಲ್ಲಿ ಸುತ್ತುವ ನೀರೇ ಬಿಸಿಯನ್ನು ಮೂಲೆ ಮೂಲೆಗೂ ಹೊತ್ತೊಯ್ಯಬಲ್ಲ ವಾಹಕ ಎಂಬ ತಿಳಿವು ಇಲ್ಲಿ ಸ್ಪಷ್ಟವಾಗಿ ಕೆಲಸಕ್ಕೆ ಬಂತು. ಇಂದಿನ ಕೂಲೆಂಟ್ ಹೀಟರ್ ನಿಂತಿರುವುದೂ ಇದೇ ತಿಳಿವಿನ ಮೇಲೆ.

ಯುದ್ಧ ಮುಗಿದ ಮೇಲೆ ಈ ಕೆಲಸವನ್ನು ಮನೆಮನೆಗೆ ತಂದವನು ಅಮೆರಿಕದ ನಾರ್ತ್ ಡಕೋಟದ ಆಂಡ್ರ್ಯೂ ಫ್ರೀಮನ್. ಗ್ರಾಂಡ್ ಫೋರ್ಕ್ಸ್‌ನ ಗ್ರಾಮೀಣ ವಿದ್ಯುತ್ ಸಹಕಾರ ಸಂಸ್ಥೆಯ ಮುಖ್ಯಸ್ಥನಾಗಿದ್ದ ಆತ, ಎಂಜಿನ್ ಹೆಡ್ಡಿನ ಒಂದು ಬೋಲ್ಟನ್ನು ತೆಗೆದು ಅದರ ಜಾಗಕ್ಕೆ ಒಳಗೆ ಹೀಟರ್ ಇರುವ ಟೊಳ್ಳು ಬೋಲ್ಟನ್ನು ಕೂರಿಸಿದ. 1949ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಹಳ್ಳಿಗಳಿಗೆ ಆಗಷ್ಟೇ ಕರೆಂಟು ಬರುತ್ತಿತ್ತು, ರಾತ್ರಿ ಹೊತ್ತು ಅದಕ್ಕೊಂದು ಕೆಲಸವೂ ಸಿಕ್ಕಂತಾಯಿತು. ಬೋಲ್ಟಿನ ಜಾಗಕ್ಕೆ ಮುಂದೆ ಬ್ಲಾಕ್ ಹೀಟರ್ ಬಂತು. ಎಂಜಿನ್ ಬ್ಲಾಕಿನ ಪಕ್ಕದ ಒಂದು ಮುಚ್ಚಳವನ್ನು ತೆಗೆದು ಹೀಟರ್ ಸುರುಳಿಯನ್ನು ನೇರವಾಗಿ ಕೂಲೆಂಟಿನೊಳಗೇ ಮುಳುಗಿಸುವ ವಿಧಾನ ಇದು. ವಿನ್ನಿಪೆಗ್ ಅಥವಾ ಎಡ್ಮಂಟನ್ನಿಗೆ ಕೆಲಸಕ್ಕೆಂದು ಹೋದ ಕನ್ನಡಿಗರು ಮೊದಲ ಚಳಿಗಾಲದಲ್ಲಿ ನೋಡುವುದು ಇದನ್ನೇ: ಗಾಡಿಯ ಮೂತಿಯಿಂದ ಇಳಿಬಿದ್ದ ವೈರು, ಪಾರ್ಕಿಂಗ್ ಸಾಲಿನುದ್ದಕ್ಕೂ ಪ್ಲಗ್ ಕಂಬಗಳು. ಫಿನ್‌ಲ್ಯಾಂಡ್, ಸ್ವೀಡನ್, ನಾರ್ವೆಯಲ್ಲೂ ಇದೇ ರೂಢಿ. ನಾರ್ವೆಯ ಡೇಫಾ ಮತ್ತು ಸ್ವೀಡನ್ನಿನ ಕ್ಯಾಲಿಕ್ಸ್ ಅಲ್ಲಿ ಮನೆಮಾತಾದ ಹೆಸರುಗಳು.

ಡೀಸೆಲ್ ಪಿಕಪ್ ಈ ಕಥೆಗೆ ಬರುವುದು 1980ರ ದಶಕದಲ್ಲಿ. ಜನರಲ್ ಮೋಟಾರ್ಸ್‌ನ 6.2 ಲೀಟರ್, ಫೋರ್ಡಿನ 6.9 ಲೀಟರ್ ಎಂಜಿನ್‌ಗಳು ಬಂದವು. 1989ರಲ್ಲಿ ಡಾಡ್ಜ್ ಪಿಕಪ್‌ಗೆ ಕಮ್ಮಿನ್ಸ್‌ನ 5.9 ಲೀಟರ್ ಎಂಜಿನ್ ಬಂತು. ಕಮ್ಮಿನ್ಸ್ ಗ್ಲೋ ಪ್ಲಗ್ ಬಿಟ್ಟು, ಒಳಸೇರುವ ಗಾಳಿಯನ್ನೇ ಕಾಯಿಸುವ ಜಾಲರಿ ಹೀಟರನ್ನು ಇಟ್ಟಿತು. ಜೊತೆಗೆ 750 ವ್ಯಾಟ್ ಆಸುಪಾಸಿನ ಬ್ಲಾಕ್ ಹೀಟರ್. ಅಷ್ಟು ಭಾರದ ಕಬ್ಬಿಣವನ್ನು 750 ವ್ಯಾಟಿನಲ್ಲಿ ಕಾಯಿಸಲು ಗಂಟೆಗಟ್ಟಲೆ ಬೇಕು. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಪ್ಲಗ್ ಇಲ್ಲದ ಕಡೆ ಅದು ನಿರುಪಯೋಗಿ. ತೈಲಬಾವಿಗಳಲ್ಲಿ, ಕಾಡಿನ ಶಿಬಿರಗಳಲ್ಲಿ ದುಡಿಯುವವರು ಎಂಜಿನ್ ಆರಿಸದೆ ರಾತ್ರಿಯಿಡೀ ಓಡಿಸುತ್ತಿದ್ದರು. 2007ರ ನಂತರದ ಅಮೆರಿಕನ್ ಡೀಸೆಲ್ ಗಾಡಿಗಳಿಗೆ ಮಸಿ ಹಿಡಿಯುವ ಫಿಲ್ಟರ್ ಬಂದ ಮೇಲೆ ಆ ಅಭ್ಯಾಸವೂ ದುಬಾರಿಯಾಯಿತು. ನಿಂತಲ್ಲೇ ಓಡುವ ಎಂಜಿನ್ ಸಾಕಷ್ಟು ಕಾಯುವುದಿಲ್ಲ, ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ.

ಈ ಕೊರತೆಯನ್ನು ತುಂಬಿದ್ದು ಇಂಧನ ಉರಿಸುವ ಕೂಲೆಂಟ್ ಹೀಟರ್. 1901ರಲ್ಲಿ ಸ್ಥಾಪನೆಯಾದ ವೆಬಾಸ್ಟೊ, 1865ರ ಎಬರ್‌ಸ್ಪೆಖರ್ ಎಂಬ ಎರಡು ಜರ್ಮನ್ ಕಂಪನಿಗಳು ಇದರಲ್ಲಿ ಮುಂದಾಳುಗಳು. ಸೋವಿಯತ್ ಲಾರಿಗಳಲ್ಲೂ ಇಂಥ ಪೂರ್ವತಾಪಕಗಳಿದ್ದವು, ದೊಡ್ಡವು, ಗದ್ದಲದವು. ಮೊದಲು ಬಸ್ಸು ಲಾರಿಗಳಿಗೆ ಮೀಸಲಾಗಿದ್ದ ಯಂತ್ರ ಕ್ರಮೇಣ ಕಾರಿನ ಬಾನೆಟ್ಟಿನೊಳಗೆ ಹಿಡಿಸುವಷ್ಟು ಕುಗ್ಗಿತು. ನೇರ ಸಿಂಪಡಿಕೆಯ ಹೊಸ ಡೀಸೆಲ್ ಎಂಜಿನ್‌ಗಳು ಕಡಿಮೆ ಇಂಧನದಲ್ಲಿ ಓಡುತ್ತವೆ, ಆದ್ದರಿಂದ ಒಳಗೆ ಕೂತವರಿಗೆ ಸಾಕಾಗುವಷ್ಟು ಬಿಸಿಯೂ ಹುಟ್ಟುವುದಿಲ್ಲ. ಹಾಗಾಗಿ ಯುರೋಪಿನ ಹಲವು ಗಾಡಿಗಳಿಗೆ ಕಾರ್ಖಾನೆಯಲ್ಲೇ ಇಂಥ ಹೀಟರ್ ಬರತೊಡಗಿತು. ಲ್ಯಾಂಡ್ ರೋವರ್ ಡಿಸ್ಕವರಿ 3 ಒಂದು ಉದಾಹರಣೆ. ಈಚೆಗೆ ರಷ್ಯಾದ ಸಮಾರಾದಲ್ಲಿ ತಯಾರಾಗುವ ಬಿನಾರ್ ಮತ್ತು ಅಗ್ಗದ ಚೀನೀ ಹೀಟರುಗಳು ಬೆಲೆಯನ್ನು ಬಹಳ ಕೆಳಗಿಳಿಸಿವೆ.

ಯಂತ್ರ ಸಣ್ಣದು, ಕೆಲಸ ಸರಳ. ಪುಟ್ಟ ಪಂಪೊಂದು ಟ್ಯಾಂಕಿನಿಂದ ಹನಿಹನಿಯಾಗಿ ಡೀಸೆಲ್ ಅಳೆದು ಕೊಡುತ್ತದೆ. ಅದರ ಟಿಕ್ ಟಿಕ್ ಸದ್ದು ಕೇಳಿಸಿದರೆ ಹೀಟರ್ ಶುರುವಾಯಿತೆಂದು ಅರ್ಥ. ಫ್ಯಾನು ಗಾಳಿ ಊದುತ್ತದೆ, ಕಾದ ಕಡ್ಡಿ ಹೊತ್ತಿಸುತ್ತದೆ, ಆ ಉರಿಯ ಸುತ್ತಲಿನ ಕವಚದಲ್ಲಿ ಕೂಲೆಂಟ್ ಹರಿದು ಬಿಸಿಯಾಗಿ ಎಂಜಿನ್ನಿಗೆ ಹೋಗುತ್ತದೆ. 5 ಕಿಲೋವ್ಯಾಟಿನ ಹೀಟರ್ ಪೂರ್ತಿ ಉರಿದಾಗ ಗಂಟೆಗೆ ಸುಮಾರು 0.6 ಲೀಟರ್ ಡೀಸೆಲ್ ಕುಡಿಯುತ್ತದೆ. ದೊಡ್ಡ ಪಿಕಪ್ಪಿನ ಎಂಜಿನ್ನನ್ನು ಅದು ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಡಿಗ್ರಿಯಂತೆ ಕಾಯಿಸುತ್ತದೆ. ಅಂದರೆ ಮೈನಸ್ 30ರಲ್ಲಿ ಒಂದು ಗಂಟೆ ಮೊದಲೇ ಚಾಲೂ ಮಾಡಿದರೆ ಎಂಜಿನ್ ನಮ್ಮೂರ ಬೆಳಗಿನ ಹದಕ್ಕೆ ಬಂದಿರುತ್ತದೆ. ಹೀಟರ್ ಚಾಲೂ ಮಾಡುವ ಬಗೆ ಟೈಮರಿನಿಂದ ಶುರುವಾಗಿ ರಿಮೋಟ್ ದಾಟಿ ಈಗ ಮೊಬೈಲಿಗೆ ಬಂದಿದೆ.

ಈ ಕ್ಷೇತ್ರದಲ್ಲಿ ಯಂತ್ರದ ಗುಣಕ್ಕಿಂತ ಜೋಡಣೆಯ ಗುಣವೇ ಹೆಚ್ಚು ನಿರ್ಣಾಯಕ ಎಂಬುದು ನನ್ನ ಖಚಿತ ಅಭಿಪ್ರಾಯ. ಒಳ್ಳೆಯ ಹೀಟರ್ ಕೆಟ್ಟ ಜೋಡಣೆಯಲ್ಲಿ ಒಂದು ಚಳಿಗಾಲವನ್ನೂ ದಾಟುವುದಿಲ್ಲ.

ಹೀಟರನ್ನು ಬಾನೆಟ್ಟಿನೊಳಗೆ ಆದಷ್ಟು ಕೆಳಗೆ, ಕೂಲೆಂಟ್ ಡಬ್ಬಿಯ ಮಟ್ಟಕ್ಕಿಂತ ಕೆಳಗೆ ಕೂರಿಸಬೇಕು. ಹೀಟರಿನೊಂದಿಗೆ ಬರುವ ನೀರಿನ ಪಂಪು ಅದಕ್ಕಿಂತಲೂ ಕೆಳಗಿದ್ದರೆ ಗುಳ್ಳೆಗಳು ತಾವಾಗಿ ಮೇಲೇರುತ್ತವೆ. ಎಂಜಿನ್ನಿನಿಂದ ಕ್ಯಾಬಿನ್ ಹೀಟರಿಗೆ ಹೋಗುವ ಹೋಸನ್ನು ಕತ್ತರಿಸಿ ಆ ದಾರಿಯಲ್ಲೇ ಹೀಟರನ್ನು ಸೇರಿಸುವುದು ಸಾಮಾನ್ಯ ಪದ್ಧತಿ. ಹರಿವಿನ ದಿಕ್ಕು ಎಂಜಿನ್ ಪಂಪಿನ ದಿಕ್ಕಿಗೆ ಹೊಂದಿರಲೇಬೇಕು, ಎರಡು ಪಂಪುಗಳು ಎದುರುಬದುರಾದರೆ ನೀರು ನಿಂತು ಹೀಟರ್ ಮಿತಿಮೀರಿ ಕಾದು ಆರಿಹೋಗುತ್ತದೆ. ಡೀಸೆಲ್ಲಿಗೆ ಟ್ಯಾಂಕಿನಲ್ಲಿ ಪ್ರತ್ಯೇಕ ಕೊಳವೆ ಇಳಿಸುವುದು ಮೇಲು. ಎಂಜಿನ್ನಿನ ಲೈನಿಗೆ ಕವಲು ಹಾಕಿದರೆ ಗಾಳಿ ಸೇರಿ ಉರಿ ಆಗಾಗ ತಪ್ಪುತ್ತದೆ. ಇಂಧನ ಪಂಪನ್ನು ಟ್ಯಾಂಕಿನ ಹತ್ತಿರ, ಹೊರಬಾಯಿ ಮೇಲ್ಮುಖವಾಗುವಂತೆ ಓರೆಯಾಗಿ, ರಬ್ಬರಿನ ಮೇಲೆ ಕೂರಿಸಬೇಕು.

ಹೊಗೆಯ ವಿಷಯದಲ್ಲಂತೂ ರಾಜಿ ಸಲ್ಲದು. ಹೀಟರಿನ ಸೈಲೆನ್ಸರ್ ಕೊಳವೆ ಗಾಡಿಯ ಕೆಳಗೆ ಹೋಗಬೇಕು, ಕ್ಯಾಬಿನ್ನಿಗೆ ಗಾಳಿ ಬರುವ ದಾರಿಯಿಂದ ದೂರವಿರಬೇಕು, ಬಾಯಿ ಮುಂದಕ್ಕೆ ತಿರುಗಿರಬಾರದು. ಕೊಳವೆಯ ತೀರ ತಗ್ಗಿನಲ್ಲಿ ನೀರಿಳಿಯಲು ಸಣ್ಣ ತೂತಿಲ್ಲದಿದ್ದರೆ ನಿಂತ ನೀರು ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಮುಚ್ಚಿದ ಗ್ಯಾರೇಜಿನಲ್ಲಾಗಲಿ ಪೆಟ್ರೋಲ್ ಬಂಕಿನಲ್ಲಾಗಲಿ ಇದನ್ನು ಹಚ್ಚಲೇಬಾರದು. ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ.

ಕೊನೆಯ ಕೆಲಸ ಏರ್ ಲಾಕ್, ಅಂದರೆ ಕೂಲೆಂಟ್ ದಾರಿಯಲ್ಲಿ ಸಿಕ್ಕಿಕೊಂಡ ಗಾಳಿ, ತೆಗೆಯುವುದು. ಅವಸರದ ಮೆಕ್ಯಾನಿಕ್ ಇದನ್ನೇ ಹಾರಿಸಿಬಿಡುತ್ತಾನೆ. ಗಾಡಿಯ ಮೂತಿಯನ್ನು ದಿಣ್ಣೆಗೆ ಏರಿಸಿ, ಸಮಪಾಲು ಗ್ಲೈಕಾಲ್ ಮತ್ತು ನೀರು ತುಂಬಿ (ಈ ಮಿಶ್ರಣ ಮೈನಸ್ 37ರ ಹತ್ತಿರದವರೆಗೆ ಹೆಪ್ಪುಗಟ್ಟದು), ಕ್ಯಾಬಿನ್ ಹೀಟರ್ ಪೂರ್ತಿ ತೆರೆದು, ಎಂಜಿನ್ ಓಡುವಾಗ ಹೋಸುಗಳನ್ನು ಕೈಯಲ್ಲಿ ಹಿಸುಕುತ್ತಾ ಹೋಗಬೇಕು. ಡಬ್ಬಿಯಲ್ಲಿ ಗುಳುಗುಳು ನಿಂತು, ಹೀಟರಿನ ಎರಡೂ ಹೋಸುಗಳು ಒಂದರ ಹಿಂದೊಂದು ಬೆಚ್ಚಗಾದ ಮೇಲೆಯೇ ಕೆಲಸ ಮುಗಿಯಿತೆನ್ನಬೇಕು.

ನಮ್ಮ ದೇಶದಲ್ಲಿ ಇದರ ಅಗತ್ಯವಿರುವುದು ಲಡಾಖ್, ಸ್ಪಿತಿಯಂಥ ಕಡೆ. ಅಲ್ಲಿನ ಲಾರಿ ಚಾಲಕರು ಇಂದಿಗೂ ಡೀಸೆಲ್ ಟ್ಯಾಂಕಿನ ಕೆಳಗೆ ಬಾಂಡ್ಲಿಯಲ್ಲಿ ಬೆಂಕಿ ಹಾಕಿ ಗಾಡಿ ಎಬ್ಬಿಸುವುದುಂಟು. 2019ರ ನವೆಂಬರಿನಲ್ಲಿ ಇಂಡಿಯನ್ ಆಯಿಲ್ ಮೈನಸ್ 33 ಡಿಗ್ರಿಯವರೆಗೂ ಹರಿಯುವ ಚಳಿಗಾಲದ ಡೀಸೆಲ್ಲನ್ನು ಲೇಹ್‌ಗೆ ತಂದದ್ದು ದೊಡ್ಡ ಹೆಜ್ಜೆ. ಅದರಿಂದ ಇಂಧನದ ತೊಂದರೆ ತಗ್ಗಿತು, ತಣ್ಣನೆಯ ಕಬ್ಬಿಣದ್ದು ಹಾಗೇ ಉಳಿದಿದೆ. ನಮ್ಮ ಬಿಡದಿಯಲ್ಲಿ 2022ರಿಂದ ಟೊಯೋಟ ಹೈಲಕ್ಸ್ ಡೀಸೆಲ್ ಪಿಕಪ್ ತಯಾರಾಗುತ್ತಿದೆ, 2023ರಲ್ಲಿ ಸೇನೆಯ ಉತ್ತರ ಕಮಾಂಡಿಗೂ ಹೋಯಿತು. ಇದೇ ಹೈಲಕ್ಸ್ ಐಸ್‌ಲ್ಯಾಂಡ್, ನಾರ್ವೆಯ ಹಿಮದಲ್ಲೂ ಓಡುವ ಗಾಡಿ. ಆ ದೇಶಗಳ ಅನುಭವವನ್ನು ಇಲ್ಲಿಗೆ ತರುವಾಗ ಒಂದು ವ್ಯತ್ಯಾಸ ನೆನಪಿರಬೇಕು. ಸುಮಾರು 3500 ಮೀಟರ್ ಎತ್ತರದ ಲೇಹ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಭಾಗದಷ್ಟೇ. ಬಯಲು ಸೀಮೆಯ ಲೆಕ್ಕದಲ್ಲಿ ಡೀಸೆಲ್ ಸುರಿಯುವ ಹೀಟರ್ ಅಲ್ಲಿ ಗಾಳಿ ಸಾಲದೆ ಹೊಗೆಯಾಡಿ ಮಸಿ ಕಟ್ಟುತ್ತದೆ. ಗಾಳಿಯ ಒತ್ತಡ ಅಳೆದು ಇಂಧನ ತಗ್ಗಿಸುವ ಮಾದರಿಯನ್ನೇ ಆರಿಸಬೇಕು. ಗಡಿಯಲ್ಲಿ ದುಡಿಯುವ ಚಾಲಕರಿಗೆ, ಆಂಬುಲೆನ್ಸುಗಳಿಗೆ ಇಂಥ ಹೀಟರನ್ನು ಗಾಡಿಯೊಂದಿಗೇ ಒದಗಿಸುವುದು ಸರ್ಕಾರಕ್ಕೆ ಭಾರವಾಗುವ ಖರ್ಚಲ್ಲ.

ಹೀಟರ್ ಹಾಕಿಸಿಕೊಂಡವರಿಗೆ ಎರಡು ಮಾತು. ಅದು ಆರುವಾಗ ಎರಡು ಮೂರು ನಿಮಿಷ ಫ್ಯಾನು ತಿರುಗಿ ಒಳಗಿನ ಹೊಗೆಯನ್ನು ಹೊರಹಾಕುತ್ತದೆ, ಆ ಹೊತ್ತಿನಲ್ಲಿ ಬ್ಯಾಟರಿ ಕಳಚಬೇಡಿ. ಬೇಸಿಗೆಯಲ್ಲೂ ತಿಂಗಳಿಗೊಮ್ಮೆ ಹತ್ತು ನಿಮಿಷ ಅದನ್ನು ಉರಿಸಿ. ಇಲ್ಲದಿದ್ದರೆ ಪಂಪು ಹಿಡಿದುಕೊಂಡು, ಚಳಿಯ ಮೊದಲ ಬೆಳಿಗ್ಗೆಯೇ ಹೀಟರ್ ಕೈಕೊಡುತ್ತದೆ.