ಕಿಶೋರರ ಶಿಬಿರ: ವಿಶ್ವಾಸದ ಒಂದು ಚರಿತ್ರೆ

ಶನಿವಾರ ಹೊರಟು ಭಾನುವಾರ ಸಂಜೆಗೆ ಮನೆ ಸೇರುವ ಕಿಶೋರರ ಶಿಬಿರಗಳು ಈಗ ನಮ್ಮ ಪಟ್ಟಣಗಳ ಸುತ್ತಣ ತೋಟಗಳಲ್ಲಿಯೂ ಬೆಟ್ಟದ ತಪ್ಪಲುಗಳಲ್ಲಿಯೂ ನಡೆಯುತ್ತಿವೆ. ಆತ್ಮವಿಶ್ವಾಸವನ್ನೂ ವ್ಯಕ್ತಿತ್ವವನ್ನೂ ಬೆಳೆಸುವುದೇ ಅವುಗಳ ಉದ್ದೇಶವೆಂದು ನಡೆಸುವವರು ಹೇಳುತ್ತಾರೆ. ಇಂತಹ ಶಿಬಿರಗಳಿಗೆ ಒಂದು ಶತಮಾನಕ್ಕೂ ಮಿಕ್ಕ ಪೂರ್ವಚರಿತ್ರೆಯುಂಟು. ಅದನ್ನು ನಿಧಾನವಾಗಿ ಪರಿಶೀಲಿಸಿದವರಿಗೆ, ಆತ್ಮವಿಶ್ವಾಸವು ಉಪದೇಶದಿಂದ ಹುಟ್ಟತಕ್ಕದ್ದಲ್ಲ, ಹಿರಿಯರು ಕಿರಿಯರನ್ನು ನಂಬಿ ನಿಜವಾದ ಹೊಣೆಯೊಂದನ್ನು ಅವರ ಕೈಗೆ ಒಪ್ಪಿಸಿದಾಗ ಮಾತ್ರ ಹುಟ್ಟತಕ್ಕದ್ದು ಎಂಬುದು ಮನದಟ್ಟಾಗದಿರದು.

ದಕ್ಷಿಣ ಆಫ್ರಿಕದ ಬ್ರಿಟಿಷರ ವಶದಲ್ಲಿದ್ದ ಮಾಫೆಕಿಂಗ್ ಪಟ್ಟಣವನ್ನು ಡಚ್ ಮೂಲದ ಬೋಯರರು 1899ರ ಅಕ್ಟೋಬರಿನಿಂದ 217 ದಿನಗಳ ಕಾಲ ಮುತ್ತಿದ್ದಾಗ, ರಕ್ಷಣೆಗೆ ಆಳುಗಳು ಸಾಲದೆ, ಊರಿನ ಹುಡುಗರದೊಂದು ದಳವನ್ನು ಕಟ್ಟಿ, ಸಂದೇಶಗಳನ್ನು ಒಯ್ಯುವ ಮತ್ತು ಕಾವಲು ನಿಲ್ಲುವ ಕಾರ್ಯಗಳನ್ನು ಅವರಿಗೆ ವಹಿಸಲಾಯಿತು. ಸೈಕಲ್ಲನ್ನೇರಿ ಗುಂಡಿನ ಮಳೆಯ ನಡುವೆಯೂ ಕರ್ತವ್ಯ ತಪ್ಪದೆ ಓಡಾಡಿದ ಆ ಬಾಲಕರ ಧೈರ್ಯವನ್ನು ಸೇನಾನಾಯಕ ರಾಬರ್ಟ್ ಬೇಡನ್-ಪೊವೆಲ್ಲರು ಮರೆಯಲಿಲ್ಲ. ಯುದ್ಧದ ಒತ್ತಡದಲ್ಲಿ ಕಂಡ ಈ ಸತ್ಯವು ಶಾಂತಿಕಾಲದಲ್ಲಿಯೂ ಫಲಿಸಬಲ್ಲುದೆ ಎಂಬುದನ್ನು ಪರೀಕ್ಷಿಸಲೆಂದು ಅವರು 1907ರ ಆಗಸ್ಟ್ ತಿಂಗಳ ಮೊದಲ ವಾರದಲ್ಲಿ, ಇಂಗ್ಲೆಂಡಿನ ದಕ್ಷಿಣ ತೀರದ ಪೂಲ್ ಬಂದರಿನಲ್ಲಿರುವ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು ಇಪ್ಪತ್ತು ಹುಡುಗರನ್ನು ಸೇರಿಸಿದರು.

ಶ್ರೀಮಂತರ ಶಾಲೆಗಳಾದ ಈಟನ್ ಮತ್ತು ಹ್ಯಾರೋಗಳ ವಿದ್ಯಾರ್ಥಿಗಳೂ ಪೂಲ್ ಮತ್ತು ಬೋರ್ನ್‌ಮತ್ ಊರುಗಳ ಶ್ರಮಿಕರ ಮಕ್ಕಳೂ ಅಲ್ಲಿ ಒಂದೇ ಗುಡಾರದ ಕೆಳಗೆ ಮಲಗಿದರು. ವರ್ಗಭೇದವು ಕಲ್ಲಿನ ಗೋಡೆಯಂತೆ ನಿಂತಿದ್ದ ಅಂದಿನ ಇಂಗ್ಲೆಂಡಿನಲ್ಲಿ ಇದು ಸಾಮಾನ್ಯ ಸಂಗತಿಯಾಗಿರಲಿಲ್ಲ. ತೋಳ, ಗೂಳಿ, ಕರ್ಲ್ಯೂ ಹಕ್ಕಿ, ರೇವನ್ ಹಕ್ಕಿ ಎಂಬ ಹೆಸರುಗಳ ನಾಲ್ಕು ತಂಡಗಳಾಗಿ ಅವರನ್ನು ವಿಂಗಡಿಸಿ, ಪ್ರತಿಯೊಂದರ ಶಿಸ್ತಿಗೂ ಕ್ಷೇಮಕ್ಕೂ ಆ ತಂಡದ ಹುಡುಗನೊಬ್ಬನನ್ನೇ ಪೂರ್ಣ ಹೊಣೆಗಾರನನ್ನಾಗಿ ಮಾಡಲಾಯಿತು. ರಾತ್ರಿಗೊಂದು ತಂಡವು ಸರದಿಯಂತೆ ಹಿಟ್ಟು, ಆಲೂಗಡ್ಡೆ, ಮಾಂಸ, ಚಹಾಗಳನ್ನು ಪಡೆದು, ಕಂಬಳಿಯನ್ನೂ ಪಾತ್ರೆಯನ್ನೂ ಹೊತ್ತು, ಗೊತ್ತಾದ ಸ್ಥಳಕ್ಕೆ ಹೋಗಿ, ತಾನೇ ಬೆಂಕಿ ಹೊತ್ತಿಸಿ, ತಾನೇ ಅಡುಗೆ ಮಾಡಿ ಉಂಡು, ತಾನೇ ಪಹರೆ ನಿಲ್ಲಬೇಕಾಗಿದ್ದಿತು. ಮುಂದೆ ಈ ಶಿಬಿರದಿಂದಲೇ ಬೆಳೆದ ಸ್ಕೌಟ್ ಚಳವಳಿಯ ಪ್ರಾಣವೆನಿಸಿದ ಗಸ್ತು ಪದ್ಧತಿಯು ಈ ಬಗೆಯಲ್ಲಿ ರೂಪುಗೊಂಡಿತು. ಹಿರಿಯನ ಕಣ್ಣು ದೂರದಲ್ಲಿರುತ್ತಿತ್ತು. ತೀರ್ಮಾನ ಮಾತ್ರ ಹುಡುಗನದು.

ಆದರೆ ಈ ವಿಶ್ವಾಸವು ಎಲ್ಲರಿಗೂ ಏಕಕಾಲದಲ್ಲಿ ದೊರೆಯಲಿಲ್ಲ. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸಿನಲ್ಲಿ ನಡೆದ ಸ್ಕೌಟರ ಸಮಾವೇಶಕ್ಕೆ ಕರೆಯಿಲ್ಲದೆಯೇ ಬಂದು ನಿಂತ ಹುಡುಗಿಯರು ತಮಗೂ ಸ್ಥಾನ ಬೇಕೆಂದು ಕೇಳಿದ ಮೇಲೆ, ಮರುವರ್ಷ ಗರ್ಲ್ ಗೈಡ್ಸ್ ಸಂಸ್ಥೆ ಜನಿಸಿತು. ಅದೇ 1909ರಲ್ಲಿ ಕ್ಯಾಪ್ಟನ್ ಟಿ. ಎಚ್. ಬೇಕರ್ ಎಂಬವರು ಭಾರತದ ಮೊದಲ ಸ್ಕೌಟ್ ದಳವನ್ನು ನಮ್ಮ ಬೆಂಗಳೂರಿನಲ್ಲಿಯೇ ಸ್ಥಾಪಿಸಿದರೂ, ಅದರಲ್ಲಿ ಐರೋಪ್ಯ ಮತ್ತು ಆಂಗ್ಲೋ-ಇಂಡಿಯನ್ ಬಾಲಕರಿಗಲ್ಲದೆ ಈ ನೆಲದ ಮಕ್ಕಳಿಗೆ ಪ್ರವೇಶವಿರಲಿಲ್ಲ. ಹೊಣೆ ಹೊರಲು ಕಲಿತ ಬಾಲಕನು ನಾಳೆ ಸ್ವಾತಂತ್ರ್ಯವನ್ನೂ ಕೇಳಿಯಾನು ಎಂಬ ಆಳರಸರ ಭೀತಿಯೇ ಇದರ ಮೂಲ. ಆ ಬಾಗಿಲು ತೆರೆಯುವವರೆಗೆ ನಮ್ಮವರು ಕಾಯಲಿಲ್ಲ. 1917ರಲ್ಲಿ ಆನಿ ಬೆಸೆಂಟರು ಮದರಾಸಿನಲ್ಲಿ ಭಾರತೀಯ ಬಾಲಕರ ಸ್ಕೌಟ್ ಸಂಸ್ಥೆಯನ್ನು ಕಟ್ಟಿದರು. ಉತ್ತರದಲ್ಲಿ ಮದನಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಮೊದಲಾದವರು ಸೇವಾಸಮಿತಿಯ ಸ್ಕೌಟ್ ದಳಗಳನ್ನು ಬೆಳೆಸಿದರು. ಬೇರೆಬೇರೆಯಾಗಿ ಹರಿದ ಈ ಪ್ರವಾಹಗಳು 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಎಂಬ ಹೆಸರಿನಲ್ಲಿ ಸಂಗಮಿಸಿದವು.

ಕನ್ನಡ ನಾಡಿನಲ್ಲಿ ಈ ವಿಶ್ವಾಸವು ಮತ್ತೊಂದು ಮಾರ್ಗದಲ್ಲಿಯೂ ಫಲಿಸಿತು. ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯನ್ನು ಕಾರ್ಯಕ್ಷೇತ್ರವನ್ನಾಗಿ ಮಾಡಿಕೊಂಡ ಡಾ. ನಾ. ಸು. ಹರ್ಡೀಕರರು ನಾಗಪುರದ ಧ್ವಜಸತ್ಯಾಗ್ರಹದಲ್ಲಿ ಸೆರೆಮನೆ ಕಂಡು ಬಂದು, 1923ರ ಡಿಸೆಂಬರಿನ ಕಾಕಿನಾಡ ಕಾಂಗ್ರೆಸ್ಸಿನ ಸಂದರ್ಭದಲ್ಲಿ ಸ್ಥಾಪಿಸಿದ ಸ್ವಯಂಸೇವಕರ ಸಂಘಟನೆಯೇ ಹಿಂದೂಸ್ತಾನಿ ಸೇವಾದಳವಾಗಿ ಬೆಳೆಯಿತು. ಮರುವರ್ಷ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿ ಕಾಂಗ್ರೆಸ್ಸು ನೆರೆದಾಗ, ಸ್ವಯಂಸೇವಕರೊಡನೆ ಉಮಾಬಾಯಿ ಕುಂದಾಪುರ ಅವರು ಮುಂದೆ ನಿಂತು ನಡೆಸಿದ ಸ್ವಯಂಸೇವಿಕೆಯರೂ ಆ ಮಹಾಸಭೆಯ ಭಾರವನ್ನು ಹೊತ್ತರು. ಹರ್ಡೀಕರರ ಸೇವಾದಳದಲ್ಲಿ ಪಳಗಿದ ಬೆಂಗಳೂರಿನ ಎಸ್. ಎನ್. ಸುಬ್ಬರಾಯರು ಮುಂದೆ ಚಂಬಲ್ ಕಣಿವೆಗೆ ಹೋಗಿ, ಡಕಾಯಿತರ ಭಯದಲ್ಲಿ ನಲುಗಿದ್ದ ಆ ಪ್ರದೇಶದಲ್ಲಿ ನಾನಾ ಪ್ರಾಂತಗಳ ತರುಣರನ್ನು ಶಿಬಿರಗಳಲ್ಲಿ ಕೂಡಿಸಿ, ಶ್ರಮದಾನವನ್ನೂ ಸಹಬಾಳುವೆಯನ್ನೂ ಕಲಿಸಿದರು.

ಆದುದರಿಂದ ಇಂದಿನ ಶಿಬಿರವೊಂದರ ಯೋಗ್ಯತೆಯನ್ನು ಅಲ್ಲಿ ಎಷ್ಟು ಭಾಷಣಗಳಾದುವು, ಎಷ್ಟು ಪ್ರಶಸ್ತಿಪತ್ರಗಳನ್ನು ಹಂಚಿದರು ಎಂಬುದರಿಂದ ಅಳೆಯಲಾಗದು. ಅಡುಗೆಯನ್ನು ಬೇಯಿಸಿದವರು ಯಾರು, ದಾರಿಯನ್ನು ನಿರ್ಣಯಿಸಿದವರು ಯಾರು, ತಂಡದಲ್ಲಿ ಕಲಹವೆದ್ದಾಗ ಅದನ್ನು ಪರಿಹರಿಸಿದವರು ಯಾರು ಎಂದು ತಂದೆತಾಯಿಗಳು ಕೇಳಬೇಕು. ಶುಲ್ಕ ತೆರಲಾರದ ಮನೆಯ ಮಗುವಿಗೆ ಅಲ್ಲಿ ಎಡೆಯಿದ್ದಿತೆ ಎಂಬುದನ್ನೂ ಅಷ್ಟೇ ನಿಷ್ಠುರವಾಗಿ ಕೇಳಬೇಕು. ಅವಧಿ ಎರಡೇ ದಿನಗಳದಾದರೂ, ಈ ಪ್ರಶ್ನೆಗಳಿಗೆ ನೇರವಾದ ಉತ್ತರವನ್ನು ಕೊಡಬಲ್ಲ ಶಿಬಿರವು ಮಕ್ಕಳನ್ನು ಬೆಳೆಸುತ್ತದೆ. ಉಳಿದವು ಅವರ ರಜೆಯನ್ನು ಕಳೆಯಿಸುತ್ತವೆ, ಅಷ್ಟೆ.