ಗುಡಿಗಾರರ ಸಾಗರ

ಸಾಗರ ಶಿವಮೊಗ್ಗದಿಂದ ಸುಮಾರು 70 ಕಿಲೋಮೀಟರು, ಜೋಗಕ್ಕೆ 30. ಜನಸಂಖ್ಯೆ 2011ರ ಗಣತಿಯಲ್ಲೇ 50 ಸಾವಿರ ದಾಟಿತ್ತು. ಅಡಿಕೆ, ಭತ್ತ ಮುಖ್ಯ ಬೆಳೆ. ಮೂರು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ. ಕೆಳದಿಯ ಅರಸ ಸದಾಶಿವ ನಾಯಕನ ಹೆಸರಿನ ಸದಾಶಿವಸಾಗರವೇ ಇಂದಿನ ಸಾಗರ. ಇಷ್ಟು ಯಾವ ಕೈಪಿಡಿಯಲ್ಲಾದರೂ ಸಿಗುತ್ತದೆ. ಗಂಧದ ಮರ ಕೆತ್ತುವ ಈ ಊರಿನ ಗುಡಿಗಾರರ ಬಗ್ಗೆ ಮಾತ್ರ ಎರಡು ಸಾಲಿಗಿಂತ ಹೆಚ್ಚು ಯಾರೂ ಬರೆಯುವುದಿಲ್ಲ.

ಆ ಎರಡು ಸಾಲಿನಲ್ಲಿ ಒಂದು, ಇವರು ಗೋವಾದಿಂದ ಬಂದವರು ಎನ್ನುವುದು. ಪೋರ್ಚುಗೀಸರ ಮತಾಂತರದ ಕಾಟಕ್ಕೆ ಹೆದರಿ ಘಟ್ಟ ಹತ್ತಿದರು, ಕೆಳದಿ ಅರಸರು ಆಶ್ರಯ ಕೊಟ್ಟರು ಎಂಬ ಈ ಐತಿಹ್ಯವನ್ನು ಹಳೆಯ ಗ್ಯಾಸೆಟಿಯರುಗಳು ದಾಖಲಿಸಿದವು. ಆಮೇಲಿನವರು ಅದನ್ನೇ ಇತಿಹಾಸವೆಂದು ನಕಲು ಮಾಡುತ್ತ ಬಂದರು. ಕಾಲವೇನೋ ಹೊಂದುತ್ತದೆ. ಗೋವಾ ಪೋರ್ಚುಗೀಸರ ಕೈಸೇರಿದ್ದು 1510ರಲ್ಲಿ, ಕೆಳದಿ ಸಂಸ್ಥಾನ ತಲೆಯೆತ್ತಿದ್ದೂ ಅದೇ ಸುಮಾರಿಗೆ. ಆದರೆ 1901ರ ಮದ್ರಾಸ್ ಜನಗಣತಿ ವರದಿ ಇವರನ್ನು ಮರಗೆತ್ತನೆ ಮತ್ತು ಚಿತ್ರಗಾರಿಕೆ ಮಾಡುವ ಕನ್ನಡದ ಜನ ಎಂದೇ ಬರೆದಿದೆ. ಥರ್ಸ್ಟನ್ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗೆಗಿನ ತನ್ನ 1909ರ ಗ್ರಂಥದಲ್ಲಿ ಅದನ್ನೇ ಎತ್ತಿಕೊಂಡಿದ್ದಾನೆ. ಕೆಳದಿಯ ಪಾರ್ವತಿ ಗುಡಿಯಲ್ಲಿ ತಲೆಯೆತ್ತಿ ಮರದ ಛಾವಣಿಯ ಕೆತ್ತನೆ ನೋಡಿದವರಿಗೆ, ಮಲೆನಾಡಿನಲ್ಲಿ ಮರದ ಕೆಲಸ ಬೇರೆಲ್ಲಿಂದಲೋ ಬರಬೇಕಾಗಿತ್ತೇ ಎಂಬ ಅನುಮಾನ ಬಾರದೆ ಇರದು. ಕೆಲವು ಮನೆತನಗಳು ಕರಾವಳಿಯಿಂದ ಬಂದು ಇಲ್ಲಿದ್ದ ಕಸುಬಿನವರೊಡನೆ ಬೆರೆತಿರಬೇಕು ಎಂಬುದು ನನ್ನ ಎಣಿಕೆ. ಸೊರಬ, ಶಿರಸಿ, ಕುಮಟಾ, ಹೊನ್ನಾವರಗಳಲ್ಲೂ ಇವರ ಮನೆಗಳಿರುವುದು ಈ ಎಣಿಕೆಗೆ ಒಗ್ಗುತ್ತದೆ.

ಮೂಲ ಏನೇ ಇರಲಿ, ಇವರ ಕೆಲಸವನ್ನು ಹತ್ತಿರ ಕೂತು ನೋಡಬೇಕು. ಗಂಧದ ತುಂಡು ಕೈಗೆ ಬಂದರೆ ಮೊದಲು ಹೊರಗಿನ ಬಿಳಿ ಮರವನ್ನು ಸವರಿ ತೆಗೆಯುತ್ತಾರೆ. ಪರಿಮಳವಿರುವುದು ಒಳಗಿನ ಚೇಗಿನಲ್ಲಿ. ಅದು ಕೆತ್ತುವಷ್ಟು ದಪ್ಪ ಕಟ್ಟಬೇಕಾದರೆ ಮರಕ್ಕೆ ಹತ್ತಾರು ವರ್ಷವಾಗಬೇಕು. ಕಾಗದದ ಮೇಲೆ ಬರೆದ ನಕ್ಷೆಯನ್ನು ಮರಕ್ಕೆ ಅಂಟಿಸಿ, ಮೊದಲು ಆಕಾರ ಬಿಡಿಸಿಕೊಂಡು, ಆಮೇಲೆ ಸಣ್ಣ ಉಳಿಗಳಿಗೆ ಇಳಿಯುತ್ತಾರೆ. ತೀರ ಚಿಕ್ಕ ಉಳಿಯ ಬಾಯಿ ದಬ್ಬಣದ ಮೊನೆಯಷ್ಟೇ. ಗಣಪತಿಯ ಸೊಂಡಿಲಿನ ಮಡಿಕೆ, ಸರಸ್ವತಿಯ ವೀಣೆಯ ತಂತಿ, ಕೃಷ್ಣನ ಹಿಂದಿನ ಮರದ ಒಂದೊಂದು ಎಲೆ ಅದರಲ್ಲೇ ಮೂಡಬೇಕು. ಮುಖದ ಉದ್ದವನ್ನೇ ಅಳತೆಯಾಗಿಟ್ಟುಕೊಂಡು ಮೈ, ಕೈ, ಕಾಲು ಲೆಕ್ಕ ಹಾಕುವುದು ಶಿಲ್ಪಶಾಸ್ತ್ರದ ಕ್ರಮ. ಆದರೆ ಗಂಧದ ಬೊಡ್ಡೆ ಸಣ್ಣದು. ಮೂರ್ತಿಯ ಭುಜ ಎಷ್ಟು ಅಗಲವಾಗಬೇಕೆಂಬುದನ್ನು ಕೊನೆಗೆ ಮರವೇ ಹೇಳುತ್ತದೆ. ಬಣ್ಣ, ವಾರ್ನಿಷ್ ಯಾವುದೂ ಇಲ್ಲ. ಉದುರಿದ ಪುಡಿಯನ್ನೂ ಎಸೆಯುವುದಿಲ್ಲ, ಅದಕ್ಕೂ ಬೆಲೆಯಿದೆ. ಇದೇ ಕೈಗಳು ಬೆಂಡಿನಲ್ಲಿ ಮದುವೆಯ ಬಾಸಿಂಗ ಕಟ್ಟುತ್ತವೆ, ಚೌತಿಗೆ ಮಣ್ಣಿನ ಗಣಪತಿ ಮಾಡುತ್ತವೆ.

ಗಂಧ ಬಹುಕಾಲ ಅರಸರ ಸೊತ್ತಾಗಿತ್ತು. 1792ರಲ್ಲಿ ಟಿಪ್ಪು ಅದನ್ನು ರಾಜವೃಕ್ಷವೆಂದು ಸಾರಿದ. ಮುಂದೆ ಮೈಸೂರು ಸಂಸ್ಥಾನವೂ, ಸರ್ಕಾರವೂ ಆ ಹಿಡಿತ ಬಿಡಲಿಲ್ಲ. 2001ರ ಕಾನೂನು ತಿದ್ದುಪಡಿಯ ನಂತರವಷ್ಟೇ ಜಮೀನಿನಲ್ಲಿ ಬೆಳೆದ ಗಂಧ ಜಮೀನಿನವನದಾಯಿತು. ಅಷ್ಟರಲ್ಲಿ ಕಳ್ಳಸಾಗಣೆಯೂ ಮರವನ್ನೇ ಒಣಗಿಸುವ ಸ್ಪೈಕ್ ರೋಗವೂ ಸೇರಿ ಕಾಡು ಬರಿದಾಗಿತ್ತು. ಇಂದು ಗಂಧದ ಬೆಲೆ ಕಿಲೋಗೆ ಸಾವಿರಗಟ್ಟಲೆ. ಕೆತ್ತುವವರು ಶಿವನಿ ಮರಕ್ಕೆ ಹೊರಳಿದ್ದಾರೆ. ಅದೂ ನುಣುಪಾಗಿಯೇ ಕೆತ್ತಿಸಿಕೊಳ್ಳುತ್ತದೆ, ಪರಿಮಳ ಮಾತ್ರ ಇಲ್ಲ. ಕಸುಬು ಕಲಿಯುವ ಹುಡುಗರು ಈ ಊರಲ್ಲಿ ಇನ್ನೂ ಇದ್ದಾರೆ. ಅವರ ಕೈಗೆ ಕೊಡಲು ಗಂಧವಿಲ್ಲ. ಕೆತ್ತನೆಯವರಿಗೆಂದೇ ವರ್ಷಕ್ಕಿಷ್ಟು ಮರ, ಕೊಳ್ಳಬಹುದಾದ ದರದಲ್ಲಿ, ತಪ್ಪದೆ ಸಿಗಬೇಕು. ಅದಿಲ್ಲದೆ ಪ್ರಶಸ್ತಿ ಕೊಟ್ಟು ಶಾಲು ಹೊದಿಸಿದರೆ ಏನೂ ಉಳಿಯುವುದಿಲ್ಲ.

ಇನ್ನೊಂದು ನೋವು ಹೇಳಲೇಬೇಕು. ಸಾಗರ, ಸೊರಬಗಳಲ್ಲಿ ಕೆತ್ತಿದ್ದು ಅಂಗಡಿ ಸೇರಿದ ಕೂಡಲೇ 'ಮೈಸೂರು ಗಂಧದ ಕೆತ್ತನೆ' ಆಗುತ್ತದೆ. ಮೂರ್ತಿಯ ಅಡಿಯಲ್ಲಿ ಕೆತ್ತಿದವರ ಹೆಸರು ಹಾಕುವ ರೂಢಿ ಇವರಲ್ಲಿಲ್ಲ. ಹಾಗಾಗಿ ಮೂರು ತಲೆಮಾರು ಕಳೆದರೆ ಯಾರ ಕೆಲಸವೆಂದು ಮನೆಯವರಿಗೂ ತಿಳಿಯುವುದಿಲ್ಲ. ನಿಮ್ಮ ಮನೆಯ ದೇವರ ಕೋಣೆಯಲ್ಲೋ ಅಟ್ಟದಲ್ಲೋ ಹಳೆಯ ಗಂಧದ ಮೂರ್ತಿ, ಕರಡಿಗೆ, ಬಿನ್ನವತ್ತಳೆಯ ಪೆಟ್ಟಿಗೆ ಇದ್ದರೆ, ಅದು ಯಾವ ಕೇರಿಯ ಯಾವ ಮನೆಯವರ ಕೆಲಸವೆಂದು ಹಿರಿಯರನ್ನು ಈಗಲೇ ಕೇಳಿ ಬರೆದಿಡಿ. ಅದರ ಒಂದು ಪ್ರತಿಯನ್ನು ಕೆಳದಿಯ ವಸ್ತುಸಂಗ್ರಹಾಲಯಕ್ಕೂ ತಲುಪಿಸಿ.